ನಾಲ್ಕು ಅಂಗೈ ನೆಲ

ಹೊಸ ಟಯರಿಗೆ ಮೈತುಂಬ ಕೂದಲಿರುತ್ತದೆ. ಸಣ್ಣ, ಕಪ್ಪು, ಮೆತ್ತನೆಯ ರಬ್ಬರ್ ಕೂದಲು. ಟಯರ್ ಅಂಗಡಿಯಲ್ಲಿ ಕುಳಿತಾಗಲೆಲ್ಲ ನನ್ನ ಬೆರಳು ತಾನಾಗಿಯೇ ಅತ್ತ ಹೋಗಿ ಒಂದೊಂದನ್ನೇ ಎಳೆದು ಬಿಡುತ್ತಿರುತ್ತದೆ. ಮಕ್ಕಳೂ ಹೀಗೇ ಮಾಡುತ್ತವೆ. ಮೂಡಿಗೆರೆಯಲ್ಲಿ ನಾವು ಟಯರು ಕೊಳ್ಳುವ ಅಂಗಡಿಯ ಕಾಕಾ ಯಾರನ್ನೂ ಬೇಡವೆನ್ನುವುದಿಲ್ಲ. "ಎಳೀಲಿ ಬಿಡಿ ಗೌಡ್ರೇ, ಅದರಿಂದ ಎಂತದೂ ಆಗೂದಿಲ್ಲ. ಅಚ್ಚಿನೊಳಗೆ ಟಯರು ಬೇಯುವಾಗ ಗಾಳಿ ಹೊರಗೆ ಹೋಗ್ಬೇಕಲ್ಲ, ಅದಕ್ಕೆ ಸಣ್ಣ ಸಣ್ಣ ತೂತು ಇಟ್ಟಿರ್ತಾರೆ. ಗಾಳಿಯ ಹಿಂದೆ ರಬ್ಬರೂ ಸ್ವಲ್ಪ ಹೋಗ್ತದೆ, ಅದೇ ಈ ಕೂದಲು" ಎಂದು ಅವರು ಹೇಳಿದ ಮೇಲೆ ನನಗೆ ಆ ಕೂದಲಿನ ಮೇಲಿನ ಪ್ರೀತಿ ಹೆಚ್ಚಾಯಿತು. ರಸ್ತೆಗಿಳಿದ ಮೇಲೆ ಅದು ಕೆಲವು ದಿನ ಮಾತ್ರ ಇರುತ್ತದೆ. ನೆಲ ಮುಟ್ಟದ ಅಂಚಿನಲ್ಲಿ ಮಾತ್ರ ತಿಂಗಳುಗಟ್ಟಲೆ ಉಳಿದು ಧೂಳು ಹಿಡಿಯುತ್ತದೆ.

ಟಯರ್ ಅಂಗಡಿಯ ವಾಸನೆಯೂ ನನಗೆ ಇಷ್ಟ. ಹೊಸ ರಬ್ಬರು, ಅಂಚು ಕೂರಿಸಲು ಹಚ್ಚುವ ಸೋಪಿನ ನೀರು, ಕಂಪ್ರೆಸರಿನ ಎಣ್ಣೆ, ಪಕ್ಕದ ಕ್ಯಾಂಟೀನಿನಿಂದ ಬರುವ ಕಾಫಿಯ ಹಬೆ, ಎಲ್ಲ ಸೇರಿದ ಒಂದು ಘಾಟು. ಮೇ ತಿಂಗಳ ಕೊನೆಯ ವಾರದಲ್ಲಿ ನಮ್ಮ ಸೀಮೆಯವರೆಲ್ಲ ಅಲ್ಲೇ ಇರುತ್ತಾರೆ. ಮಳೆ ಹಿಡಿಯುವ ಮೊದಲು ಮನೆಯ ಹೆಂಚು, ಕೊಡೆಯ ಕಡ್ಡಿ, ದನದ ಕೊಟ್ಟಿಗೆಯ ಸೋಗೆ ಎಲ್ಲವನ್ನೂ ನೋಡಿಕೊಳ್ಳುವ ಹಾಗೆ ಗಾಡಿಯ ಟಯರನ್ನೂ ನೋಡಿಕೊಳ್ಳಬೇಕು. ಜೂನ್ ಬಂದಮೇಲೆ ನೋಡಿದರೆ ಅಷ್ಟರಲ್ಲಿ ಚಾರ್ಮಾಡಿ ಘಾಟಿಯ ತಿರುವು ನಮ್ಮನ್ನು ನೋಡಿರುತ್ತದೆ.

ಟಯರು ನೆಲಕ್ಕೆ ತಾಗುವ ಜಾಗ ಎಷ್ಟಿರುತ್ತದೆ ಎಂಬುದನ್ನು ಕಾಕಾ ಒಂದು ಬಿಡುವಿನ ಮಧ್ಯಾಹ್ನ ನಮ್ಮ ಪಿಕಪ್ಪಿನಲ್ಲೇ ತೋರಿಸಿದರು. ಜಾಕಿ ಕೊಟ್ಟು ಮುಂದಿನ ಚಕ್ರ ಎತ್ತಿ, ಟಯರಿಗೆ ಸೀಮೆಸುಣ್ಣ ಉಜ್ಜಿ, ಕೆಳಗೆ ಹಳೆಯ ಪೇಪರು ಹಾಸಿ ಮೆಲ್ಲನೆ ಇಳಿಸಿದರು. ಮತ್ತೆ ಎತ್ತಿದಾಗ ಪೇಪರಿನ ಮೇಲೆ ಬಿಳಿಯ ಒಂದು ಮಚ್ಚೆ. ಅದರ ಮೇಲೆ ಕೈಯಿಟ್ಟರು. ಬೆರಳು ಜೋಡಿಸಿದ ಅವರ ಕೈ ಅದನ್ನು ಹೆಚ್ಚುಕಡಿಮೆ ಮುಚ್ಚಿತು. ಇಷ್ಟೇ. ಗೊಬ್ಬರದ ಮೂಟೆ ಹೇರಿದರೆ ಮೂರು ಟನ್ನಿನ ಹತ್ತಿರ ತೂಗುವ ಗಾಡಿ, ಒಳಗೆ ಕೂತವರು, ಹಿಂದೆ ಸರಳು ಹಿಡಿದು ನಿಂತ ಆಳುಗಳು, ಎಲ್ಲರೂ ಭೂಮಿಗೆ ಅಂಟಿಕೊಂಡಿರುವುದು ಇಂಥ ನಾಲ್ಕು ಅಂಗೈಗಳಲ್ಲಿ. ಬ್ರೇಕು ಎಷ್ಟೇ ಚೆನ್ನಾಗಿರಲಿ, ಇಂಜಿನ್ನಿಗೆ ಎಷ್ಟೇ ಕುದುರೆಗಳಿರಲಿ, ಅವು ಮಾಡುವುದನ್ನೆಲ್ಲ ಈ ನಾಲ್ಕು ಮಚ್ಚೆಗಳ ಮೂಲಕವೇ ಮಾಡಬೇಕು. ಅಂದಿನಿಂದ ಟಯರಿಗೆ ಕೊಡುವ ದುಡ್ಡಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಚರ್ಚೆ ಕಡಿಮೆಯಾಗಿದೆ.

ಕಾಕಾ ಎಂದೂ "ಎಷ್ಟರೊಳಗೆ ಬೇಕು" ಎಂದು ಮೊದಲು ಕೇಳುವುದಿಲ್ಲ. ಗಾಡಿ ಬಂದು ನಿಂತರೆ ಪಂಚೆ ಎತ್ತಿ ಕಟ್ಟಿ ಹಳೆಯ ಟಯರಿನ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಅಂಗೈಯನ್ನು ಒಂದು ಸಲ ಒಳಗಿನಿಂದ ಹೊರಕ್ಕೆ, ಇನ್ನೊಂದು ಸಲ ಹೊರಗಿನಿಂದ ಒಳಕ್ಕೆ ಆಡಿಸುತ್ತಾರೆ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ ಇಟ್ಟುಕೊಂಡು ಓಡಿಸಿದ್ದಾರೆ. ನಡು ಸವೆದು ಅಂಚು ಉಳಿದಿದ್ದರೆ ಗಾಳಿ ಜಾಸ್ತಿ. ಒಂದೇ ಬದಿ ಹೋಗಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ಹೊಸದು ಹಾಕಿದರೂ ಅದೂ ಹೀಗೇ ಹೋಗುತ್ತದೆ. ಅಲ್ಲಲ್ಲಿ ತಗ್ಗು ಬಿದ್ದ ಹಾಗೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಮುಗಿದಿದೆ. ನಮ್ಮ ಕಡೆಯ ಗಾಡಿಗಳ ಮುಂದಿನ ಟಯರಿನಲ್ಲಿ ಹೊರ ಅಂಚು ಮೊದಲು ಹೋಗುತ್ತದೆ, ಘಾಟಿಯ ತಿರುವಿನಲ್ಲಿ ಭಾರವೆಲ್ಲ ಅದರ ಮೇಲೇ ವಾಲುವುದರಿಂದ. ಹಿಂದಿನದರಲ್ಲಿ ಸಣ್ಣ ಸಣ್ಣ ಚೂರು ಕಿತ್ತುಹೋಗಿರುತ್ತವೆ, ಏರಿನಲ್ಲಿ ಜಲ್ಲಿಕಲ್ಲಿನ ಮೇಲೆ ಚಕ್ರ ತಿರುಗಿ ಬಿದ್ದ ಏಟು. ಇಷ್ಟನ್ನು ನೋಡಿ ಅವರು ಗಾಡಿಯ ಯಜಮಾನ ಎಲ್ಲಿಯವನು, ಏನು ಹೇರುತ್ತಾನೆ, ಅವನ ಮನೆಯ ರಸ್ತೆ ಹೇಗಿದೆ ಎಂದು ಹೇಳಬಲ್ಲರು. ಹಳೆಯ ಟಯರನ್ನು ಓದದೆ ಹೊಸದನ್ನು ಆರಿಸಬಾರದು ಎಂದು ನಾನು ಅವರಿಂದ ಕಲಿತದ್ದು. ಎಷ್ಟೋ ಅಂಗಡಿಗಳಲ್ಲಿ ಹಳೆಯದನ್ನು ಬಿಚ್ಚಿ ಮೂಲೆಗೆಸೆದು ಆಮೇಲೆ ಮಾತಿಗೆ ಕೂರುತ್ತಾರೆ. ಅಷ್ಟು ಸಾವಿರ ಕಿಲೋಮೀಟರ್ ನಮ್ಮ ಜೊತೆ ಬಂದದ್ದು ಹೇಳುವ ಮಾತನ್ನು ಕೇಳದೆ ಕಳಿಸಿಬಿಡುವುದು ನನಗೆ ಸರಿಕಾಣುವುದಿಲ್ಲ.

ನಾನು ಚಿಕ್ಕವನಿದ್ದಾಗ ಆರಿಸುವ ಮಾತೇ ಇರಲಿಲ್ಲ. ಅಪ್ಪನ ಜೀಪಿಗೆ 6.00-16 ಅಳತೆಯ ಟಯರು, ಒಳಗೆ ಟ್ಯೂಬು, ಮೇಲೆ ದಪ್ಪ ದಪ್ಪ ಅಡ್ಡಕಚ್ಚು. ಹಿಂದೆ ಹೋದರೂ ಮುಂದೆ ಹೋದರೂ ಒಂದೇ ಬಗೆಯಲ್ಲಿ ಕಚ್ಚುವಂತೆ ಯುದ್ಧಕಾಲದಲ್ಲಿ ಮಾಡಿದ ನಮೂನೆ ಅದು. ಟಾರು ರಸ್ತೆಗೆ ಬಂದರೆ ಗುಂಯ್ ಎಂದು ಕೂಗುತ್ತಿತ್ತು. ಬಣಕಲ್ ಕಡೆಯಿಂದ ಜೀಪು ಬರುತ್ತಿದೆ ಎಂದು ಅಮ್ಮನಿಗೆ ಇಂಜಿನ್ನಿಗಿಂತ ಮೊದಲು ಟಯರಿನ ಸದ್ದಿನಿಂದಲೇ ಗೊತ್ತಾಗಿ ಅನ್ನಕ್ಕೆ ಎಸರಿಡುತ್ತಿದ್ದಳು.

ಮಳೆಗಾಲಕ್ಕೆ ಚೈನು. ಇದನ್ನು ಬಯಲುಸೀಮೆಯ ನಂಟರಿಗೆ ಎಷ್ಟು ವಿವರಿಸಿದರೂ ಅರ್ಥವಾಗುತ್ತಿರಲಿಲ್ಲ. ಹಿಮ ಬೀಳುವ ದೇಶಗಳಲ್ಲಿ ಚಕ್ರಕ್ಕೆ ಚೈನು ಕಟ್ಟುತ್ತಾರೆ ಎಂದು ಅವರು ಓದಿದ್ದರು, ಮಲೆನಾಡಿನಲ್ಲಿ ಕೆಸರಿಗೆ ಕಟ್ಟುತ್ತಾರೆ ಎಂದು ಓದಿರಲಿಲ್ಲ. ಕಣದ ಪಕ್ಕದ ಕೋಣೆಯ ಗೋಡೆಗೆ ಅದು ವರ್ಷವಿಡೀ ನೇತಾಡುತ್ತಿತ್ತು. ಮೊದಲ ದೊಡ್ಡ ಮಳೆ ಹುಯ್ದ ಮರುದಿನ ಅಪ್ಪ ಅದನ್ನು ಇಳಿಸಿ, ತುಕ್ಕು ಕೊಡವಿ, ಸುಟ್ಟ ಎಣ್ಣೆ ಸವರಿ, ಹಿಂದಿನ ಎರಡೂ ಚಕ್ರದ ಹಿಂಭಾಗದಲ್ಲಿ ಉದ್ದಕ್ಕೆ ಹಾಸುತ್ತಿದ್ದರು. ಜೀಪನ್ನು ಒಂದು ಮಾರು ಹಿಂದಕ್ಕೆ ಬಿಟ್ಟರೆ ಚಕ್ರ ಅದರ ಮೇಲೆ ಬಂದು ಕೂರುತ್ತದೆ. ಆಮೇಲೆ ಎರಡೂ ತುದಿ ಎಳೆದು ಕೊಂಡಿ ಹಾಕಬೇಕು. ಒಳಬದಿಯ ಕೊಂಡಿ ಹಾಕಲು ಚಿಕ್ಕ ಕೈ ಬೇಕಾಗುತ್ತಿದ್ದುದರಿಂದ ಆ ಕೆಲಸ ನನ್ನದು. ಬೆನ್ನಿಗೆ ಗೋಣಿ ಹಾಸಿಕೊಂಡು ಜೀಪಿನಡಿ ನುಸುಳಿದರೆ ಮೇಲಿನಿಂದ ಕೆಸರು ತೊಟ್ಟಿಕ್ಕುತ್ತಿತ್ತು, ಕೆಳಗಿನಿಂದ ಉಂಬಳ ಹತ್ತುತ್ತಿತ್ತು. ಕೊಂಡಿ 'ಟಕ್' ಎಂದು ಕೂತಾಗ ಅಪ್ಪ ಮೇಲಿನಿಂದ "ಹಾಂ" ಎನ್ನುತ್ತಿದ್ದರು. ಆ ಒಂದು ಹಾಂಕಾರಕ್ಕಾಗಿ ನಾನು ಮಳೆಗಾಲವನ್ನು ಕಾಯುತ್ತಿದ್ದೆ.

ಚೈನು ಕಟ್ಟಿದ ಜೀಪು ಏರುವುದನ್ನು ನೋಡಬೇಕು. ಬರೀ ಟಯರು ಒಂದೇ ಕಡೆ ಗಿರಗಿರ ತಿರುಗಿ ಗುಂಡಿ ತೋಡಿಕೊಳ್ಳುವ ಜೇಡಿಯಲ್ಲಿ ಇದು ಕೆಸರನ್ನು ಹಿಂದಕ್ಕೆ ಎತ್ತೆತ್ತಿ ಎಸೆಯುತ್ತಾ ಅಡಿಯ ಗಟ್ಟಿನೆಲ ಸಿಗುವವರೆಗೆ ಬಗೆದು ಮೇಲೇರುತ್ತದೆ. ರಸ್ತೆ ಮಾತ್ರ ಹಾಳು. ಹಿಂದೆ ನಡೆದು ಬರುವವರು ಮೊಣಕಾಲವರೆಗೆ ಹೂತು ಬರಬೇಕು. ಅಪ್ಪ ಅದಕ್ಕಾಗಿ ಶಾಲೆಯ ಮಕ್ಕಳು ಬರುವ ಹೊತ್ತಿನಲ್ಲಿ ಏರಿಗೆ ಜೀಪು ಬಿಡುತ್ತಿರಲಿಲ್ಲ. ಟಾರು ಸಿಕ್ಕಿದ ಕೂಡಲೇ ಇಳಿದು ಚೈನು ಬಿಚ್ಚುತ್ತಿದ್ದರು, ಮಳೆ ಎಷ್ಟೇ ಸುರಿಯುತ್ತಿರಲಿ. ಬಿಚ್ಚದೆ ಓಡಿಸಿದರೆ ಟಾರೂ ಹಾಳು, ಚೈನೂ ಹಾಳು, ಬ್ರೇಕ್ ಹಾಕಿದರೆ ಜಾರಿಕೆಯೂ ಹೆಚ್ಚು. ಕೆಸರಿನಲ್ಲಿ ಕಾಪಾಡುವುದು ಟಾರಿನಲ್ಲಿ ಕಾಪಾಡುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಅಷ್ಟು ಹಿಂದೆಯೇ ಗೊತ್ತಿದ್ದ ಸಂಗತಿ.

ಇದನ್ನು ತಮ್ಮನ ಮಗನಿಗೆ ಹೇಳಬೇಕಾಗಿ ಬಂತು. ಮನೆಯ ಎಸ್‌ಯುವಿಯ ಟಯರು ಬದಲಿಸುವ ಕಾಲ ಬಂದಾಗ ಅವನು ಮೊಬೈಲಿನಲ್ಲಿ ಒಂದು ಟಯರಿನ ಚಿತ್ರ ತೋರಿಸಿದ. ಅಂಗೈ ಗಾತ್ರದ ಗಟ್ಟಿಗಳು, ನಡುವೆ ಬೆರಳು ತೂರುವಷ್ಟು ಸಂದು, ಬದಿಯಲ್ಲಿ ದಪ್ಪ ಬಿಳಿ ಅಕ್ಷರ. ಮಡ್ ಟೆರೇನ್. ಅಳತೆಯೂ ನಮ್ಮದಕ್ಕಿಂತ ಒಂದು ಕೈ ಮೇಲೆ.

"ದೊಡ್ಡಪ್ಪ, ನಮ್ಮ ರಸ್ತೆಗೆ ಇದೇ ಸರಿ. ಎಲ್ಲಿ ಬೇಕಾದರೂ ಹತ್ತುತ್ತದೆ."

ಆಸೆ ನನಗೆ ಅರ್ಥವಾಗುತ್ತದೆ. ಆ ಟಯರು ನೋಡಲು ಬಹಳ ಚಂದ. ನಿಂತ ಗಾಡಿಯೂ ಹೊರಟಂತೆ ಕಾಣುತ್ತದೆ. ನಾನು ಅವನಿಗೆ ಏನನ್ನೂ ಬೇಡವೆನ್ನದೆ ಕಾಕಾನ ಅಂಗಡಿಗೆ ಕರೆದುಕೊಂಡು ಹೋದೆ. ಕಾಕಾ ಎಂದಿನಂತೆ ಹಳೆಯ ಟಯರಿನ ಮುಂದೆ ಕೂತು, ಕೈಯಾಡಿಸಿ, "ಮಗಾ, ಈ ಗಾಡಿ ಮಂಗಳೂರಿಗೆ, ಬೆಂಗಳೂರಿಗೆ ಹೋಗಿ ಬರುವ ಗಾಡಿ. ಕೆಸರು ಎಷ್ಟು ದೂರ ಉಂಟು ನಿಮ್ಮಲ್ಲಿ?" ಎಂದು ಕೇಳಿದರು. ಟಾರು ರಸ್ತೆಯಿಂದ ನಮ್ಮ ಗೇಟಿನವರೆಗೆ. ಅರ್ಧ ಮೈಲಿಯೂ ಇಲ್ಲ.

"ಅಷ್ಟಕ್ಕೆ ಉಳಿದ ದಾರಿಯ ಹಿಡಿತ ಯಾಕೆ ಬಿಡ್ತೀ?"

ಅದರ ಕಾರಣ ನಮ್ಮ ತೋಟದಲ್ಲೇ ಇದೆ. ಅಡಿಕೆ ತೋಟದಲ್ಲಿ ಸಾಲಿನ ನಡುವೆ ಬಸಿಗಾಲುವೆ ತೆಗೆಯುವ ಹಾಗೆಯೇ ಟಯರಿನ ಮೈಮೇಲೆ ಗೀರು ತೆಗೆದಿರುತ್ತಾರೆ. ಬೇರಿಗೂ ಮಣ್ಣಿಗೂ ನಡುವೆ ನೀರು ನಿಲ್ಲಬಾರದು, ರಬ್ಬರಿಗೂ ಟಾರಿಗೂ ನಡುವೆಯೂ ನೀರು ನಿಲ್ಲಬಾರದು. ನೀರು ಹೊರಗೆ ಹೋಗಲು ಹೊತ್ತಿಲ್ಲದಷ್ಟು ವೇಗದಲ್ಲಿ ಹೋದರೆ, ಅಥವಾ ಗೀರು ಸವೆದು ಕಾಲುವೆ ಮುಚ್ಚಿಹೋಗಿದ್ದರೆ, ಟಯರು ನೀರಿನ ಮೇಲೇ ತೇಲಿಬಿಡುತ್ತದೆ. ಆಗ ಸ್ಟೇರಿಂಗ್ ಕೈಯಲ್ಲಿ ಹಗುರಾಗುತ್ತದೆ. ಗೀರಿನ ತಳದಲ್ಲಿ ಸಣ್ಣ ಉಬ್ಬು ಇಟ್ಟಿರುತ್ತಾರೆ, 1.6 ಮಿಲಿಮೀಟರ್ ಎತ್ತರದ್ದು. ರಬ್ಬರು ಸವೆದು ಆ ಉಬ್ಬಿಗೆ ಸಮವಾದರೆ ಕಾನೂನಿನ ಲೆಕ್ಕದಲ್ಲಿ ಟಯರು ಮುಗಿಯಿತು. ನಮ್ಮ ಮಳೆಯ ಲೆಕ್ಕದಲ್ಲಿ ಅದಕ್ಕಿಂತ ಬಹಳ ಮೊದಲೇ ಮುಗಿದಿರುತ್ತದೆ; ಮೂರು ಮಿಲಿಮೀಟರಿಗೆ ಬಂದರೆ ಕಾಕಾ ಒಳ್ಳೆಯ ಮಾತಿನಲ್ಲಿ ಎಚ್ಚರಿಸುತ್ತಾರೆ. ಇನ್ನು ಮಡ್ ಟಯರಿಗೆ ಸಂದು ಬೇಕಾದಷ್ಟಿದೆ, ಆದರೆ ಅದು ಕೆಸರನ್ನು ಉದುರಿಸಲು ಇಟ್ಟ ಸಂದು. ಅದರಿಂದಾಗಿ ನೆಲಕ್ಕೆ ತಾಗುವ ರಬ್ಬರೇ ಕಡಿಮೆ. ಒದ್ದೆ ಟಾರಿನಲ್ಲಿ ಬ್ರೇಕ್ ಒತ್ತಿದರೆ ಆ ಗಟ್ಟಿಗಳು ಬಾಗುತ್ತವೆ, ಗಾಡಿ ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುತ್ತದೆ. ಸದ್ದು ಬೇರೆ. ಡೀಸೆಲ್ ಬೇರೆ.

ಅಳತೆಯ ಆಸೆಗೆ ಕಾಕಾ ಲೆಕ್ಕ ಹಾಕಿ ತೋರಿಸಿದರು. ನಮ್ಮ ಊರಿನ ಎಷ್ಟೋ ಬೊಲೆರೋಗಳಲ್ಲಿರುವ 215/75 ಆರ್ 15 ತೆಗೆದುಕೊಳ್ಳಿ. 215 ಎಂದರೆ ಅಗಲ, ಮಿಲಿಮೀಟರಿನಲ್ಲಿ. 75 ಎಂದರೆ ಪಕ್ಕದ ಗೋಡೆಯ ಎತ್ತರ ಅಗಲದ ನೂರಕ್ಕೆ ಎಪ್ಪತ್ತೈದು. ಆರ್ ಎಂದರೆ ರೇಡಿಯಲ್. 15 ಎಂದರೆ ಡಿಸ್ಕಿನ ಅಡ್ಡಳತೆ ಇಂಚಿನಲ್ಲಿ. ಕೂಡಿದರೆ ಟಯರು 703 ಮಿಲಿಮೀಟರ್ ಚಿಲ್ಲರೆ ಎತ್ತರ. ಅದೇ ಡಿಸ್ಕಿಗೆ 235/75 ಹಾಕಿದರೆ 733 ಚಿಲ್ಲರೆ. ಮೂರು ಸೆಂಟಿಮೀಟರ್ ಹೆಚ್ಚು. ಆಗ ಮೀಟರಿನ ಮುಳ್ಳು 60 ತೋರಿಸುವಾಗ ಗಾಡಿ 62ರ ಮೇಲೆ ಹೋಗುತ್ತಿರುತ್ತದೆ. ಏರಿನಲ್ಲಿ ಗೇರು ಭಾರವಾಗುತ್ತದೆ, ಮೊದಲು ಸಲೀಸಾಗಿ ಹತ್ತುತ್ತಿದ್ದಲ್ಲಿ ಈಗ ಒಂದು ಗೇರು ಇಳಿಸಬೇಕಾಗುತ್ತದೆ. ಪೂರ್ತಿ ತಿರುಗಿಸಿದರೆ ಎಲ್ಲೋ ಒಳಗೆ ಉಜ್ಜುತ್ತದೆ. ಬಾಗಿಲ ಕಂಬಕ್ಕೆ ಅಂಟಿಸಿದ ಚೀಟಿಯಲ್ಲಿ ಗಾಡಿ ಮಾಡಿದವರು ಬರೆದ ಅಳತೆ ಸುಮ್ಮನೆ ಬರೆದದ್ದಲ್ಲ.

ಹುಡುಗ ಕೇಳಿಸಿಕೊಂಡ. ಎಸ್‌ಯುವಿಗೆ ಅದರದೇ ಅಳತೆಯಲ್ಲಿ ಹೈವೇ ಟಯರು ಸಾಕೆಂದು ಒಪ್ಪಿದ. ಪಿಕಪ್ಪಿಗೆ ಮಾತ್ರ ಆಲ್ ಟೆರೇನ್. ಅದು ದಿನವೂ ತೋಟದೊಳಗೆ ಇಳಿಯುವ ಗಾಡಿ, ಕಲ್ಲಿನ ಮೇಲೆ, ಕೆಸರಿನಲ್ಲಿ, ಮತ್ತೆ ಟಾರಿನಲ್ಲಿ, ಎಲ್ಲೆಡೆ ದುಡಿಯಬೇಕು. ಅದರ ವಿಷಯದಲ್ಲಿ ನೋಡಬೇಕಾದ ಅಂಕಿ ಬೇರೆ. ಅಳತೆಯ ಪಕ್ಕದಲ್ಲಿ ಒಂದು ಸಣ್ಣ ಸಂಖ್ಯೆ ಇರುತ್ತದೆ, ಯಾರೂ ನೋಡದ ಸಂಖ್ಯೆ. 100 ಎಂದಿದ್ದರೆ ಆ ಟಯರು 800 ಕಿಲೋ ಹೊರುತ್ತದೆ, 104 ಎಂದಿದ್ದರೆ 900, 108 ಎಂದಿದ್ದರೆ 1000. ಅದು ಸರಿಯಾದ ಗಾಳಿ ಇದ್ದಾಗಿನ ಮಾತು. ಮೆಣಸಿನ ಮೂಟೆ, ಕಾಫಿ ಚೆರ್ರಿ, ಕಲ್ಲು, ಸಿಮೆಂಟು ಹೇರುವ ಗಾಡಿಗೆ ಕಾರಿನ ಟಯರು ಅಗ್ಗಕ್ಕೆ ಸಿಕ್ಕಿತೆಂದು ಹಾಕಿಸುವವರಿದ್ದಾರೆ. ಅಳತೆ ಒಂದೇ, ಆಕಾರ ಒಂದೇ, ಆದರೆ ಗೋಡೆ ತೆಳು. ಏಪ್ರಿಲ್ ಬಿಸಿಲಿನಲ್ಲಿ ಹಾಸನದ ಕಡೆಯ ಹೈವೇಯಲ್ಲಿ ಭಾರಕ್ಕೆ ಗೋಡೆ ಮಡಚಿ ಮಡಚಿ ಕಾದು, ಪದರ ಬಿಟ್ಟು, ಸಿಡಿಯುತ್ತದೆ. ರಸ್ತೆ ಬದಿಯಲ್ಲಿ ಬಿದ್ದಿರುವ ಟಯರಿನ ಸಿಪ್ಪೆಗಳನ್ನು ಕಂಡಾಗ ಆ ಗಾಡಿಯಲ್ಲಿ ಯಾರಿದ್ದರೋ ಎಂದು ನನಗೆ ಇಂದಿಗೂ ಎದೆ ಝಲ್ಲೆನ್ನುತ್ತದೆ.

ನೋಡಬೇಕಾದ ಸಂಖ್ಯೆ ಇನ್ನೊಂದಿದೆ, ನಾಲ್ಕಂಕಿಯದು. ಟಯರಿನ ಪಕ್ಕದಲ್ಲಿ ಸಣ್ಣ ಮೊಟ್ಟೆಯಾಕಾರದ ಗೆರೆಯೊಳಗೆ ಇರುತ್ತದೆ. 2324 ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರ ತಯಾರಾದದ್ದು. ಹೊಸದಾಗಿ ಕಾಣುವ ಟಯರು ಗೋದಾಮಿನಲ್ಲಿ ಮೂರು ವರ್ಷ ಕೂತು ಬಂದಿರಬಹುದು, ಕೂದಲೂ ಹಾಗೇ ಇರಬಹುದು. ಬೆಂಗಳೂರಿನಲ್ಲಿರುವ ನಮ್ಮ ಅತ್ತೆಯ ಮಗ ಗಾಡಿಯನ್ನು ವಾರಕ್ಕೊಮ್ಮೆ ಓಡಿಸಿದರೆ ಹೆಚ್ಚು. ಗ್ರಿಪ್ ತುಂಬಾ ಇದೆ ಎಂಬ ಸಮಾಧಾನ ಅವನಿಗೆ. ಮೊನ್ನೆ ಬಂದಾಗ ಕಾಕಾ ಪಕ್ಕದ ಗೋಡೆಯನ್ನು ಬೆರಳಿನಿಂದ ಒತ್ತಿ, ಬಿಸಿಲಿಗೆ ಬಿಟ್ಟ ಜೇಡಿಯ ಹಾಗೆ ಬಿರುಕು ಬಿಟ್ಟಿದ್ದನ್ನು ತೋರಿಸಿದರು. ರಬ್ಬರು ಓಡದೆಯೂ ಮುದಿಯಾಗುತ್ತದೆ. ಹತ್ತು ವರ್ಷ ದಾಟಿದ ಟಯರನ್ನು ಗ್ರಿಪ್ ಎಷ್ಟಿದ್ದರೂ ತೆಗೆದುಬಿಡಿ ಎಂದು ಮಾಡಿದವರೇ ಹೇಳುತ್ತಾರೆ.

ಕೊಟ್ಟಿಗೆಹಾರದಲ್ಲಿ ನೀರ್ದೋಸೆ ತಿಂದು ಚಾರ್ಮಾಡಿ ಇಳಿಯುವಾಗ ನನಗೆ ಯಾವಾಗಲೂ ಒಂದು ವಿಚಾರ ಬರುತ್ತದೆ. ಕೆಳಗೆ ಬೆಳ್ತಂಗಡಿ, ಆಚೆಗೆ ಪುತ್ತೂರು, ಸುಳ್ಯ. ಗುಡ್ಡ ಗುಡ್ಡವೆಲ್ಲ ರಬ್ಬರ್ ತೋಟ. ಬೆಳಕು ಹರಿಯುವ ಮೊದಲು ತಲೆಗೆ ದೀಪ ಕಟ್ಟಿಕೊಂಡು ಟ್ಯಾಪಿಂಗ್‌ನವರು ಮರದಿಂದ ಮರಕ್ಕೆ ಹೋಗುತ್ತಿರುತ್ತಾರೆ. ತೊಗಟೆಯನ್ನು ಓರೆಯಾಗಿ, ನಾಣ್ಯದಷ್ಟು ತೆಳುವಾಗಿ ಕೆತ್ತಬೇಕು. ಆಳಕ್ಕೆ ಹೋದರೆ ಮರಕ್ಕೆ ಗಾಯ, ಮೇಲೇ ಉಳಿದರೆ ಹಾಲಿಲ್ಲ. ಬಿಸಿಲೇರಿದರೆ ಹಾಲು ಹರಿಯುವುದು ನಿಲ್ಲುತ್ತದೆ, ಆದ್ದರಿಂದ ಆ ಕತ್ತಲಿನ ಕೆಲಸ. ಗೆರಟೆಯಲ್ಲಿ ತೊಟ್ಟಿಕ್ಕಿದ ಹಾಲನ್ನು ಸೋಸಿ, ಆಸಿಡ್ ಬೆರೆಸಿ ತಟ್ಟೆಗಳಲ್ಲಿ ಹೆಪ್ಪುಗಟ್ಟಿಸಿ, ರೋಲರಿಗೆ ಕೊಟ್ಟು ಶೀಟು ಮಾಡಿ, ಹೊಗೆಗೂಡಿನಲ್ಲಿ ಒಣಗಿಸುತ್ತಾರೆ. ಜೇನುಬಣ್ಣಕ್ಕೆ ತಿರುಗಿದ ಶೀಟುಗಳು ಹಗ್ಗದ ಮೇಲೆ ಒಗೆದ ಬಟ್ಟೆಗಳೊಡನೆ ನೇತಾಡುವ ಮನೆಗಳನ್ನು ಆ ಕಡೆ ಎಷ್ಟು ಬೇಕಾದರೂ ನೋಡಬಹುದು.

ಸುಳ್ಯದ ಸುತ್ತಿನ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ತಮಿಳು ಮಾತನಾಡುವ ಕುಟುಂಬಗಳಿವೆ. ಶ್ರೀಲಂಕಾದ ಚಹಾ ತೋಟಗಳಲ್ಲಿ ತಲೆಮಾರುಗಟ್ಟಲೆ ದುಡಿದವರ ಮಕ್ಕಳು ಮೊಮ್ಮಕ್ಕಳು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮೇಲೆ ಭಾರತಕ್ಕೆ ಬಂದವರಿಗೆ ಇಲ್ಲಿ ರಬ್ಬರ್ ನೆಟ್ಟು ಕೆಲಸ ಕೊಟ್ಟರು. ಮರವೂ ವಲಸೆ ಬಂದದ್ದೇ. ಬ್ರೆಜಿಲ್ಲಿನ ಕಾಡಿನಿಂದ ಹೆನ್ರಿ ವಿಕ್‌ಹ್ಯಾಮ್ ಎಂಬಾತ 1876ರಲ್ಲಿ ಎಪ್ಪತ್ತು ಸಾವಿರದಷ್ಟು ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ತಂದ. ಅಲ್ಲಿ ಮೊಳೆತ ಸಸಿಗಳು ಮೊದಲು ಹೋದದ್ದು ಸಿಂಹಳಕ್ಕೇ. ನಮ್ಮ ಪಿಕಪ್ಪಿನ ಟಯರಿನೊಳಗೆ ಬೆಳ್ತಂಗಡಿಯ ಯಾವುದೋ ಮರದ ಒಂದು ಗೆರಟೆ ಹಾಲು ಇರಬಹುದು. ಎಲ್ಲಿಗೋ ಕಾರ್ಖಾನೆಗೆ ಹೋಗಿ, ಗಂಧಕದೊಡನೆ ಬೆಂದು, ಮಸಿ ಬೆರೆತು ಕಪ್ಪಾಗಿ, ಅದು ಮತ್ತೆ ಅದೇ ಘಾಟಿ ಹತ್ತಿ ಬರುತ್ತದೆ. ಭಾರ ಹೊರುವ ಟಯರುಗಳಿಗೆ ಕೃತಕ ರಬ್ಬರಿಗಿಂತ ಮರದ ರಬ್ಬರನ್ನು ಹೆಚ್ಚು ಬೆರೆಸುತ್ತಾರೆ, ಬಿಸಿಗೆ, ಏಟಿಗೆ ಮರದ್ದು ತಡೆಯುವಷ್ಟು ಕೃತಕದ್ದು ತಡೆಯುವುದಿಲ್ಲವೆಂದು. ಅಷ್ಟು ಕತ್ತಲಲ್ಲಿ ಎದ್ದು ಹಾಲು ತೆಗೆದವರಿಗೆ ಶೀಟಿನ ರೇಟು ಬಿದ್ದ ವರ್ಷಗಳಲ್ಲಿ ಕೂಲಿಯೂ ಹುಟ್ಟುವುದಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ಆ ವರ್ಷಗಳಲ್ಲಿ ಟಯರಿನ ರೇಟು ಇಳಿದದ್ದು ನಾನು ಕಂಡಿಲ್ಲ.

ಅಪ್ಪನಿಗೆ ಮೈಸೂರಿನ ವಿಕ್ರಾಂತ್ ಟಯರಿನ ಮೇಲೆ ಅಭಿಮಾನವಿತ್ತು. ರಾಜ್ಯ ಸರ್ಕಾರ ಕಟ್ಟಿದ ಕಂಪನಿ, ನಮ್ಮದೇ ಎಂಬ ಭಾವ. 1997ರಲ್ಲಿ ಅದು ಜೆ.ಕೆ. ಟಯರಿನವರ ಕೈಗೆ ಹೋಯಿತು. ಕಾರ್ಖಾನೆ ಮೈಸೂರಿನಲ್ಲೇ ಇದೆ, ಹೆಸರೂ ಟಯರಿನ ಮೇಲೆ ಉಳಿಯಿತು. ಅಪ್ಪ ಹೋಗುವವರೆಗೂ ಟಯರು ಕೊಳ್ಳುವಾಗ ಮೊದಲು ಆ ಹೆಸರನ್ನೇ ಕೇಳುತ್ತಿದ್ದರು.

ನಾಲ್ಕೂ ಒಟ್ಟಿಗೆ ಕೊಳ್ಳುವುದು ಎಲ್ಲರಿಂದ ಆಗುವುದಲ್ಲ. ನಮ್ಮ ಡ್ರೈವರನ ಅಣ್ಣ ಸಾಲ ಮಾಡಿ ಪಿಕಪ್ಪು ತೆಗೆದು ಬಾಡಿಗೆ ಓಡಿಸುತ್ತಾನೆ. ಎರಡು ಈ ವರ್ಷ, ಎರಡು ಮುಂದಿನ ವರ್ಷ, ನಡುವೆ ಸವೆದ ಟಯರಿಗೆ ಹೊಸ ಮೈ ಹಾಕಿಸುವ ಒಂದು ರೀಸೋಲ್. ಅವನಿಗೆ ಕಂಪನಿ ಕಂಪನಿಯ ಗುಣದೋಷ ಹೇಳುವುದರಲ್ಲಿ ಅರ್ಥವಿಲ್ಲ. ಎರಡು ಮಾತ್ರ ಕೊಂಡರೆ ಎಲ್ಲಿ ಹಾಕಬೇಕು ಎಂಬುದೇ ಅವನ ಪ್ರಶ್ನೆ, ಅದು ಬಹಳ ಮುಖ್ಯವಾದ ಪ್ರಶ್ನೆ. ನಮ್ಮ ಸೀಮೆಯ ಡ್ರೈವರುಗಳೆಲ್ಲ ಮುಂದಕ್ಕೆ ಎನ್ನುತ್ತಾರೆ. ಸ್ಟೇರಿಂಗ್ ಅಲ್ಲಿದೆ, ಮುಂದಿನದು ಸಿಡಿದರೆ ಅಪಾಯ, ಕಣ್ಣಿಗೂ ಚಂದ. ಟಯರು ಮಾಡುವವರು ಹಿಂದಕ್ಕೆ ಎನ್ನುತ್ತಾರೆ. ಕಾಕಾ ಕೂಡ ಹಿಂದಕ್ಕೇ. ಒದ್ದೆ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಗಾಡಿ ನೇರ ಹೋಗುತ್ತದೆ, ಕಾಲು ತೆಗೆದರೆ ವೇಗ ಇಳಿದು ಮತ್ತೆ ಹಿಡಿತ ಸಿಗುತ್ತದೆ, ಡ್ರೈವರಿಗೆ ಗೊತ್ತಾಗಲು ಒಂದು ಗಳಿಗೆ ಸಿಗುತ್ತದೆ. ಹಿಂದಿನದು ಜಾರಿದರೆ ಬಾಲವೇ ಸುತ್ತಿ ಮುಂದೆ ಬರುತ್ತದೆ. ಹಿಂದೆ ಖಾಲಿಯಿರುವ ಪಿಕಪ್ಪಿನಲ್ಲಂತೂ ಭಾರವೆಲ್ಲ ಮುಂದಿರುವುದರಿಂದ ಬಾಲ ಮೊದಲೇ ಹಗುರ. ಇದನ್ನು ನಾನು ಡ್ರೈವರನ ಅಣ್ಣನಿಗೆ ನಮ್ಮ ಕಣದಲ್ಲಿ ಕೂರಿಸಿಕೊಂಡು ಹೇಳಿದೆ. ಸವೆದು ಬೋಳಾದದ್ದನ್ನು ಮುಂದೆಯೂ ಇಡಬೇಡ, ಹಿಂದೆಯೂ ಇಡಬೇಡ, ಕಡಿಮೆ ಬಿದ್ದರೆ ನಾನು ಕೊಡುತ್ತೇನೆ, ಕಾಫಿ ಹೇರುವಾಗ ಬಾಡಿಗೆಯಲ್ಲಿ ಹಿಡಿದುಕೊಳ್ಳೋಣ ಎಂದೂ ಹೇಳಿದೆ. ಅವನ ಗಾಡಿಯಲ್ಲಿ ಬೆಳಗ್ಗೆ ಕೆಲಸಕ್ಕೆ ಬರುವ ಹೆಂಗಸರಿರುತ್ತಾರೆ.

ಕಾಕಾನ ಅಂಗಡಿಯಲ್ಲಿ ಹೊಸ ಟಯರು ಡಿಸ್ಕಿಗೆ ಕೂರುವುದನ್ನು ನೋಡದೆ ನಾನು ಎದ್ದು ಬರುವುದಿಲ್ಲ. ಟಯರಿನ ಮೇಲೆ ಹಳದಿ ಬಣ್ಣದ ಒಂದು ಚುಕ್ಕೆ ಇರುತ್ತದೆ, ಅದು ಟಯರಿನ ಅತಿ ಹಗುರವಾದ ಜಾಗ. ಗಾಳಿ ಹಾಕುವ ವಾಲ್ವು ಡಿಸ್ಕಿನಲ್ಲಿ ಸ್ವಲ್ಪ ಭಾರ. ಕೆಲಸದ ಹುಡುಗ ಎರಡನ್ನೂ ಒಂದೇ ನೇರಕ್ಕೆ ತಂದು ಕೂರಿಸುತ್ತಾನೆ, ಬ್ಯಾಲೆನ್ಸಿಗೆ ಸೀಸ ಕಡಿಮೆ ಸಾಕಾಗಲೆಂದು. ಗಾಳಿ ತುಂಬುತ್ತಾ ಹೋದಂತೆ 'ಟಪ್' 'ಟಪ್' ಎಂದು ಎರಡು ಸಲ ಅಂಚು ಕೂರುವ ಸದ್ದು. ಹೊರಡುವಾಗ ಕಾಕಾ ಎಲ್ಲರಿಗೂ ಹೇಳುವ ಮಾತು, "ಮೊದಲ ಒಂದೆರಡು ನೂರು ಕಿಲೋಮೀಟರ್ ಮೆಲ್ಲ ಹೋಗಿ." ಅಚ್ಚಿನಿಂದ ಬಿಡಿಸಲು ಸವರಿದ್ದು ಮೈಮೇಲಿರುತ್ತದೆ, ಅದು ಉಜ್ಜಿಹೋಗುವವರೆಗೆ ಹೊಸ ಟಯರು ಪೂರ್ತಿ ಹಿಡಿಯುವುದಿಲ್ಲ.

ಇನ್ನು ಉಳಿದದ್ದು ಸ್ಟೆಪ್ನಿ. ಪಿಕಪ್ಪಿನಲ್ಲಿ ಅದು ಅಡಿಯಲ್ಲಿ ನೇತಾಡುತ್ತದೆ, ಕೆಸರೆಲ್ಲ ಅದಕ್ಕೇ. ಅದನ್ನು ತೂಗುಹಾಕಿದ ಚೈನು ತುಕ್ಕು ಹಿಡಿದು ಬೇಕಾದ ದಿನ ಇಳಿಯುವುದೇ ಇಲ್ಲ. ಫೋರ್ ವೀಲ್ ಗಾಡಿಯಾದರೆ ಸ್ಟೆಪ್ನಿಯೂ ಅದೇ ಅಳತೆ, ಹೆಚ್ಚುಕಡಿಮೆ ಅದೇ ಸವೆತದ್ದಾಗಿರಬೇಕು. ಒಂದು ಚಕ್ರ ಎತ್ತರ ಒಂದು ಗಿಡ್ಡವಾದರೆ ಟಾರಿನ ಮೇಲೆ ನಾಲ್ಕೂ ಚಕ್ರಕ್ಕೆ ಹಾಕಿದಾಗ ಒಳಗಿನ ಗೇರುಗಳು ಒಂದನ್ನೊಂದು ಎಳೆದು ಹಾಳಾಗುತ್ತವೆ. ಈ ಸಲ ಪಿಕಪ್ಪಿನ ಹಳೆಯ ನಾಲ್ಕರಲ್ಲಿ ಚೆನ್ನಾಗಿದ್ದದ್ದನ್ನು ಆರಿಸಿ ಸ್ಟೆಪ್ನಿಗೆ ಇಟ್ಟು, ಚೈನಿಗೆ ಗ್ರೀಸು ಹಾಕಿಸಿದೆವು. ಉಳಿದವುಗಳಲ್ಲಿ ಎರಡು ರೀಸೋಲಿಗೆ ಆಗುತ್ತವೆ ಎಂದು ಕಾಕಾ ಇಟ್ಟುಕೊಂಡರು. ಮಿಕ್ಕ ಒಂದನ್ನು ಮನೆಗೆ ತರಲು ನಾನು ಒಪ್ಪಲಿಲ್ಲ. ಮಳೆನೀರು ನಿಂತರೆ ಡೆಂಗಿ ಸೊಳ್ಳೆಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಡ.

ಹಣ ಎಣಿಸುವಾಗ ತಮ್ಮನ ಮಗ ಕೇಳಿದ. "ನಮ್ಮ ಗೇಟಿನವರೆಗಿನ ರಸ್ತೆಗೆ ಪಂಚಾಯ್ತಿಯಿಂದ ಕಾಂಕ್ರೀಟು ಬರುತ್ತಂತೆ ಕಾಕಾ. ಬಂದರೆ ಪಿಕಪ್ಪಿಗೂ ಹೈವೇ ಟಯರು ಸಾಕಾ?"

"ಬರಲಿ ಮಗಾ. ಅದು ಬರುವಾಗ ಇದು ಸವೆದಿರ್ತದೆ. ಆಗ ಇದನ್ನು ನೋಡಿ ಹೇಳ್ತೇನೆ" ಎಂದು ಕಾಕಾ ಚಿಲ್ಲರೆ ಕೊಟ್ಟು, ಹಿಂದೆ ಬಂದು ನಿಂತ ಜೀಪಿನ ಚಕ್ರದ ಕಡೆ ಪಂಚೆ ಎತ್ತಿ ಕಟ್ಟಿಕೊಂಡು ಹೋದರು.